ಮದ್ಯದ ಪಾಕೀಟು ತರಲು ಮಗನನ್ನು ಕಳಿಸೋದು ಬಿಟ್ಟೆ

ಕಾರಟಗಿ ಹತ್ತಿರದ ಹಳ್ಳಿ ನಮ್ಮದು. ಎಡದಂಡೆ ಕಾಲುವೆ ನೀರಿನ ಭತ್ತದ ಹೊಲ. ಕೊಯ್ಲಿನ ದಿನ ಸಂಜೆ ಮನೆಗೆ ಬಂದರೆ ಮೈಕೈ ನೋವು. "ತಮ್ಮಾ, ಕಿರಾಣಿ ಅಂಗಡಿಗೆ ಹೋಗಿ ಒಂದು ನೈಂಟಿ ಪಾಕೀಟು ತಗೊಂಡ್ ಬಾ" ಅಂತ ಮಗನ ಕೈಗೆ ದುಡ್ಡು ಕೊಡುತ್ತಿದ್ದೆ. ಉಳಿದ ಚಿಲ್ಲರೆ ಅವನಿಗೆ. ಆಗ ಅವನು ಏಳನೇ ಕ್ಲಾಸು. ನಮ್ಮ ಓಣಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಊರ ತೇರಿನ ರಾತ್ರಿ, ಅವನ ಬಾಯಿಂದ ವಾಸನೆ ಬಂತು. ಅವರಮ್ಮ ಅಳುತ್ತಾ ಕೂತಳು. ನನಗೆ ಹೊಡೆಯುವಷ್ಟು ಸಿಟ್ಟು. ಆದರೆ ಅಮಲಿನಲ್ಲಿದ್ದವನಿಗೆ ಏನು ಹೇಳಿದರೂ ತಲೆಗೆ ಹೋಗೋದಿಲ್ಲ ಅಲ್ವಾ, ಮಲಗಿಸಿದೆ. ಬೆಳಿಗ್ಗೆ ಹೊಲಕ್ಕೆ ಕರಕೊಂಡು ಹೋಗಿ, ಬದುವಿನ ಮೇಲೆ ಕೂಡಿಸಿ ಕೇಳಿದೆ. ತಲೆ ತಗ್ಗಿಸಿಯೇ ಹೇಳಿದ: "ಅಪ್ಪಾ, ನಿನಗ ಅಂತ ತಿಳ್ಕೊಂಡು ಅಂಗಡಿಯವ್ರು ಕೊಟ್ರು."

ಎರಡು ವರ್ಷ ಆ ಅಂಗಡಿಗೆ ಕಳಿಸಿ ಅವನ ಗುರುತು ಮಾಡಿಸಿದವನು ನಾನೇ. ಆ ಮಾತು ಈಗಲೂ ಚುಚ್ಚುತ್ತದೆ.

ಅವತ್ತಿನಿಂದ ಅವನನ್ನು ಕಳಿಸಲಿಲ್ಲ. ಮನೆಯಲ್ಲಿ ಕುಡಿಯೋದನ್ನೂ ಬಿಟ್ಟೆ. ಮೊದಲ ತಿಂಗಳು ಎರಡು ಸಲ ತಪ್ಪಿದೆ. ತಪ್ಪಿದ್ದನ್ನು ಅವನಿಗೂ ಹೇಳಿದೆ. ಮುಚ್ಚಿಟ್ಟಿದ್ದರೆ ಅವನೂ ಮುಚ್ಚಿಡೋದನ್ನೇ ಕಲಿಯುತ್ತಿದ್ದ.

ಅವನ ಗೆಳೆಯರ ಅಪ್ಪಂದಿರು ಮೂವರನ್ನು ಕರಕೊಂಡು ಆ ಅಂಗಡಿಗೆ ಹೋದೆ. ಜಗಳ ಆಡಲಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ, 18 ತುಂಬದ ಮಕ್ಕಳಿಗೆ ಮದ್ಯ ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಂತ ತಿಳಿಸಿದೆವು. "ನಾವೇ ಕಳಿಸಿದ್ರೂ ಹುಡುಗರ ಕೈಗೆ ಕೊಡಬ್ಯಾಡ್ರಿ" ಅಂದೆವು.

ಬೈಯೋದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ನೆಪ. ಆ ವಯಸ್ಸಿನಲ್ಲಿ ಗೆಳೆಯರ ಮುಂದೆ ಸುಮ್ನೆ ಬೇಡ ಅನ್ನೋದು ಕಷ್ಟ. "'ನಮ್ಮಪ್ಪ ದಿನಾ ಬಾಯಿ ವಾಸನೆ ನೋಡ್ತಾನ' ಅನ್ನು, ನನ್ನ ಮ್ಯಾಲೆ ಹಾಕು" ಅಂತ ಹೇಳಿಕೊಟ್ಟೆ. ದಿನಾ ರಾತ್ರಿ ಅವನ ಜೊತೆಗೇ ಉಣ್ಣಲು ಕೂತೆ, ಅದು ಸುಳ್ಳಾಗಬಾರದು ಅಂತ. ಇನ್ನೊಂದು ಮಾತೂ ಕೊಟ್ಟೆ: ಎಷ್ಟೊತ್ತಾದರೂ ಫೋನ್ ಮಾಡು, ಬರ್ತೀನಿ, ಬೈಯೋದಿಲ್ಲ.

ಪಿಯುಸಿಗೆ ಸೇರಿದ ವರ್ಷ, ರಾತ್ರಿ ಹತ್ತೂವರೆಗೆ ಗಂಗಾವತಿಯಿಂದ ಫೋನ್ ಬಂತು. ಗೆಳೆಯನ ಬರ್ತ್‌ಡೇ. ಎಲ್ಲರೂ ಕುಡಿದಿದ್ದರು, ಗಾಡಿ ಓಡಿಸಬೇಕಾದವನೂ. ಹೋಗಿ ಕರಕೊಂಡು ಬಂದೆ. ದಾರಿಯಲ್ಲಿ ಒಂದು ಮಾತೂ ಕೇಳಲಿಲ್ಲ. ಕಾಲುವೆ ಸೇತುವೆ ಹತ್ತಿರ ಅವನೇ ಬಾಯಿಬಿಟ್ಟ: "ಅಪ್ಪಾ, ಇನ್ನಿಬ್ರು ಅಲ್ಲೇ ಅದಾರ. ಅವರ ಮನಿಗೂ ಫೋನ್ ಮಾಡೂಣೇನು?"

ಗಾಡಿ ನಿಲ್ಲಿಸಿ ಇಬ್ಬರ ಅಪ್ಪಂದಿರಿಗೂ ಫೋನ್ ಮಾಡಿದೆ.