ತೆಳು ಮಾಡಿಟ್ಟ ಬಣ್ಣ ಕೆಡಲ್ಲ: ಏರ್‌ಬ್ರಷ್ ಹಿಡಿಯುವವನ ಅನುಭವ

ಪ್ಲಾಸ್ಟಿಕ್ ವಿಮಾನದ ಮಾದರಿಗಳಿಗೆ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಹೊಡೆಯುವ ತಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣಕ್ಕೆ ಮೊದಲೇ ಥಿನ್ನರ್, ಅಂದರೆ ತೆಳು ಮಾಡುವ ದ್ರವ, ಬೆರೆಸಿ ಸೀಸೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದಾಗ ನಮ್ಮ ಮಾಡೆಲ್ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಎರಡು ತಿಂಗಳಿಗೆ ತಳ ಕಟ್ಟಿ ಕಲ್ಲಾಗುತ್ತೆ, ದುಡ್ಡು ದಂಡ" ಅಂತ ಹಿರಿಯರೊಬ್ಬರು ತೀರ್ಪೇ ಕೊಟ್ಟುಬಿಟ್ಟರು. ಏರ್‌ಬ್ರಷ್‌ನ ಕಪ್‌ನಲ್ಲಿ ಹನಿ ಎಣಿಸಿ ಬೆರೆಸು, ಉಳಿದದ್ದನ್ನು ಚೆಲ್ಲು, ಇದೇ ಎಲ್ಲರ ಪದ್ಧತಿ. ಈಗ ನನ್ನ ಕಪಾಟಿನಲ್ಲಿ ಅಂಥ ನಲವತ್ತು ಚಿಲ್ಲರೆ ಸೀಸೆಗಳಿವೆ. ಹಳೆಯದಕ್ಕೆ ಎರಡು ವರ್ಷದ ಮೇಲಾಯಿತು. ಅಲ್ಲಾಡಿಸು, ಕಪ್‌ಗೆ ಸುರಿ, ಟ್ರಿಗರ್ ಎಳೆ, ಅಷ್ಟೇ. ತೀರ್ಪು ಕೊಟ್ಟ ಹಿರಿಯರು ಹೋದ ತಿಂಗಳು ಎರಡು ಸೀಸೆ ಕೇಳಿ ಪಡೆದುಕೊಂಡು ಹೋದರು.

ಇದಕ್ಕೆ ಕೈಹಾಕಿದ್ದು ಶುದ್ಧ ಜಿಪುಣತನದಿಂದ. 10 ಮಿ.ಲೀ. ಬಾಟಲಿಗೆ ಇನ್ನೂರರ ಮೇಲೆ ಕೊಡಬೇಕು, ಬೇಕಾದ ನಂಬರ್ ಬೆಂಗಳೂರಿನಲ್ಲಿ ಸಿಗದಿದ್ದರೆ ಕೊರಿಯರ್ ಖರ್ಚು ಬೇರೆ. 1/72 ಅಳತೆಯ ಹಂಟರ್ ಯುದ್ಧವಿಮಾನ ಒಂದಕ್ಕೆ ಎಕ್ಸ್‌ಎಫ್-81 ಹಸಿರು, ಎಕ್ಸ್‌ಎಫ್-54 ಬೂದು ಹೊಡೆಯುವಾಗ ಪ್ರತಿ ಸಲ ಕಪ್‌ನಲ್ಲಿ ಎರಡು ಮಿ.ಲೀ. ಆದರೂ ಉಳಿಯುತ್ತಿತ್ತು, ಅದು ಸಿಂಕಿಗೆ. ಲೆಕ್ಕ ಹಾಕಿದರೆ ವಿಮಾನದ ಮೇಲೆ ಕೂತದ್ದಕ್ಕಿಂತ ಮೋರಿಗೆ ಹೋದದ್ದೇ ಜಾಸ್ತಿ. ಮೇಲಾಗಿ ಇವತ್ತು ಬೆರೆಸಿದ ಹದ ಮುಂದಿನ ಭಾನುವಾರ ಬರುವುದಿಲ್ಲ. "ಹಾಲಿನ ಹದಕ್ಕೆ ತೆಳು ಮಾಡಿ" ಅಂತ ಎಲ್ಲರೂ ಹೇಳುತ್ತಾರೆ. ಯಾವ ಹಾಲು ಸ್ವಾಮಿ? ನಂದಿನಿ ನೀಲಿ ಪ್ಯಾಕೆಟ್ಟೋ, ಆರೆಂಜ್ ಪ್ಯಾಕೆಟ್ಟೋ?

ಥಿನ್ನರ್ ವಿಷಯದಲ್ಲಿ ಕೈ ಸುಟ್ಟುಕೊಂಡದ್ದು ಸಾಕಷ್ಟಿದೆ. ಮೊದಲು 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಲೀಟರಿಗೆ ಮುನ್ನೂರೈವತ್ತು ಇರಬೇಕು. ಮಳೆಗಾಲದಲ್ಲಿ ಪರವಾಗಿಲ್ಲ. ಮಾರ್ಚ್ ಮಧ್ಯಾಹ್ನದ ಒಣಗಾಳಿಯಲ್ಲಿ ಮಾತ್ರ ಬಣ್ಣ ನಳಿಕೆಯಿಂದ ಪ್ಲಾಸ್ಟಿಕ್ ಮುಟ್ಟುವಷ್ಟರಲ್ಲೇ ಒಣಗಿ, ರೆಕ್ಕೆ ಮುಟ್ಟಿದರೆ ಉಪ್ಪಿನಕಾಗದ. ಕೊರೊನಾ ಕಾಲದಲ್ಲಿ ಉಳಿದಿದ್ದ ಸ್ಯಾನಿಟೈಸರ್ ಕೂಡ ಹಾಕಿ ನೋಡಿದೆ. ಅದರಲ್ಲಿರುವ ಗ್ಲಿಸರಿನ್ ದೆಸೆಯಿಂದ ಬಣ್ಣ ಮಾರನೇ ದಿನವೂ ಅಂಟಂಟು. ಆಮೇಲೆ ಹಾರ್ಡ್‌ವೇರ್ ಅಂಗಡಿಯ ಬಿಡಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್. ಒಂದು ಡಬ್ಬಿ ಅದ್ಭುತವಾಗಿ ಬಂತು, ಅದೇ ಅಂಗಡಿಯ ಮುಂದಿನ ಡಬ್ಬಿ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಿಗೆಯ (ಕ್ಯಾನೊಪಿ) ಅಂಚನ್ನೇ ಕರಗಿಸಿತು. ಡಬ್ಬಿಗೊಂದು ಗುಣ ಇರುವ ಸಾಮಾನನ್ನು ವರ್ಷಗಟ್ಟಲೆ ಇಡುವ ಬಣ್ಣಕ್ಕೆ ಬೆರೆಸುವುದು ಆಗದ ಮಾತು.

ಕೊನೆಗೆ ನಿಂತದ್ದು ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ (ಲ್ಯಾಕರ್ ಬಣ್ಣದ್ದು) ಮತ್ತು ತಮಿಯಾದ್ದೇ ಎಕ್ಸ್-20ಎ (ಆಲ್ಕೋಹಾಲ್ ಇರುವ ಅಕ್ರಿಲಿಕ್ ಥಿನ್ನರ್), ಅರ್ಧಂಬರ್ಧ. ಲೆವೆಲಿಂಗ್‌ನಲ್ಲಿ ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಇರುವುದರಿಂದ ಬಣ್ಣ ಹರಡಿಕೊಂಡು ಕೂರುತ್ತದೆ, ಸೂಜಿ ತುದಿಯಲ್ಲಿ ಒಣಗಿ ಕಟ್ಟುವುದೂ ಕಡಿಮೆ. 400 ಮಿ.ಲೀ. ಬಾಟಲಿಗೆ ಸಾವಿರದ ಮೇಲೆ ಬೀಳುತ್ತದೆ, ಬೆಲೆ ನೋಡಿ ಬೆಚ್ಚಬೇಡಿ, ಅರ್ಧ ಮಾತ್ರ ಹೋಗುವುದರಿಂದ ಬಹಳ ದಿನ ಬರುತ್ತದೆ. ತೂಕದಲ್ಲಿ ಹೇಳುವುದಾದರೆ ಬಣ್ಣ 10 ಗ್ರಾಂ, ಥಿನ್ನರ್ ಮಿಶ್ರಣ 11 ಗ್ರಾಂ ಆಸುಪಾಸು. 0.3 ಮಿ.ಮೀ. ನಳಿಕೆ, ಗಾಳಿಯ ಒತ್ತಡ 15 ಪಿಎಸ್‌ಐ. ಇದರ ಜೊತೆಗೆ ಇನ್ನೊಂದು ಪದಾರ್ಥ ಕೆಲವು ಹನಿ ಸೇರುತ್ತದೆ. ಅದು ಏನು, ಎಷ್ಟು ಎಂಬುದು ನನ್ನ ಹತ್ತಿರವೇ ಇರಲಿ.

ತೂಕ ಯಾಕೆ ಅಂದರೆ, ಮೆಡಿಕಲ್ ಶಾಪಿನ ಸಿರಿಂಜ್‌ನ ರಬ್ಬರ್ ಲೆವೆಲಿಂಗ್ ಥಿನ್ನರಿಗೆ ಉಬ್ಬಿ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಎಸ್‌ಪಿ ರೋಡಿನಲ್ಲಿ ಸಿಗುವ 0.01 ಗ್ರಾಂ ಪಾಕೆಟ್ ತಕ್ಕಡಿ ತಂದೆ, ನಾಲ್ಕೈದು ನೂರು ಇರಬೇಕು. ಸೀಸೆಯನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ ಸುರಿಯುತ್ತಾ ಹೋಗುವುದು. ಹನಿ ಎಣಿಸುವ ಗೋಜಿಲ್ಲ.

ಇನ್ನು ಸೀಸೆ. ಎಲ್ಲರೂ ಪ್ಲಾಸ್ಟಿಕ್ ಡ್ರಾಪರ್ ಬಾಟಲಿ ತರಿಸುತ್ತಾರೆ, ನಾನೂ ಒಂದು ಕಟ್ಟು ತರಿಸಿದ್ದೆ. ತಕ್ಕಡಿ ಕೈಗೆ ಬಂದ ಮೇಲೆ ಒಂದು ಪರೀಕ್ಷೆ ಮಾಡಿದೆ: ಒಂದೇ ಎಕ್ಸ್‌ಎಫ್-66 (ತಿಳಿಬೂದು) ಮಿಶ್ರಣ ಪ್ಲಾಸ್ಟಿಕ್ಕಿನಲ್ಲೊಂದು, ಗಾಜಿನಲ್ಲೊಂದು, ಎರಡನ್ನೂ ತೂಗಿ ಬರೆದಿಟ್ಟೆ. ಬೇಸಿಗೆ ಕಳೆದು ತೂಗಿದರೆ ಪ್ಲಾಸ್ಟಿಕ್ಕಿನದು ಒಂದೂವರೆ ಗ್ರಾಂನಷ್ಟು ಇಳಿದಿತ್ತು, ಮುಚ್ಚಳ ಮಾತ್ರ ಬಿಗಿಯಾಗೇ ಇತ್ತು. ಗಾಜಿನದು ಹೆಚ್ಚುಕಡಿಮೆ ಹಾಗೇ ಇತ್ತು. ಬಣ್ಣ ಕೆಡುತ್ತದೆ ಅನ್ನುವವರ ಬಣ್ಣ ಕೆಟ್ಟದ್ದಲ್ಲ, ಥಿನ್ನರ್ ಹಾರಿಹೋದದ್ದು.

ಗಾಜಿನ ಸೀಸೆಗೆ ಹೋಮಿಯೋಪತಿ ಅಂಗಡಿಯೇ ಗತಿ. 10 ಮಿ.ಲೀ. ಖಾಲಿ ಸೀಸೆ, ಒಳಗೆ ಪ್ಲಾಸ್ಟಿಕ್ ಬಿರಡೆ, ಮೇಲೆ ತಿರುಪು ಮುಚ್ಚಳ, ಡಜನ್ ಲೆಕ್ಕದಲ್ಲಿ ಕೊಂಡರೆ ಒಂದಕ್ಕೆ ಆರೇಳು ರೂಪಾಯಿ. ರಬ್ಬರ್ ಬುರುಡೆ ಇರುವ ಡ್ರಾಪರ್ ಮಾತ್ರ ಕೊಳ್ಳಬೇಡಿ, ಥಿನ್ನರ್ ಆವಿಗೆ ಅದು ಊದಿಕೊಂಡು ಬಿರಿಯುತ್ತದೆ. ಸೀಸೆಯನ್ನು ಕತ್ತಿನವರೆಗೆ ತುಂಬಿಸಿ. ದೊಡ್ಡ ಸೀಸೆ ಅರ್ಧ ಖಾಲಿ ಇರುವುದಕ್ಕಿಂತ ಚಿಕ್ಕವೆರಡು ತುಂಬಿರುವುದು ಮೇಲು. ಮುಚ್ಚುವ ಮುನ್ನ ತಿರುಪಿನ ಎಳೆಗಳನ್ನು ಬಟ್ಟೆಯಿಂದ ಒರೆಸಿ, ಪ್ಲಂಬರ್‌ಗಳ ಬಿಳಿ ಟೆಫ್ಲಾನ್ ಟೇಪ್ ಎರಡು ಸುತ್ತು. ವ್ಯಾಸಲಿನ್ ಸವರಿಯೂ ನೋಡಿದ್ದೆ. ಅದು ಬಣ್ಣಕ್ಕೆ ಇಳಿದು, ಹೊಡೆದ ಕಡೆಯೆಲ್ಲಾ ಮೀನುಗಣ್ಣು, ಅಂದರೆ ಬಣ್ಣ ಕೂರದ ದುಂಡು ಕುಳಿಗಳು. ಫ್ರಿಜ್ಜಿನಲ್ಲಿ ಇಡುವುದು ಬೇಡವೇ ಬೇಡ, ಹೊರತೆಗೆದರೆ ಬೆವರುತ್ತದೆ, ಲಾಭವೂ ಇಲ್ಲ, ಆ ಆವಿ ಬೆಂಕಿ ಹಿಡಿಯುವಂಥದ್ದು. ನನ್ನ ಕಪಾಟು ದೇವರ ದೀಪದಿಂದಲೂ ಗ್ಯಾಸ್ ಒಲೆಯಿಂದಲೂ ದೂರದ ಕೋಣೆಯಲ್ಲಿದೆ. ಹೊಡೆಯುವಾಗ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಳ್ಳುತ್ತೇನೆ, ಬಟ್ಟೆ ಮಾಸ್ಕ್ ಈ ಆವಿಗೆ ಏನೂ ಮಾಡದು.

ತಳ ಕಟ್ಟುವುದು ನಿಜ, ಅದನ್ನು ಸುಳ್ಳು ಅನ್ನುತ್ತಿಲ್ಲ. ಮ್ಯಾಟ್ ಬಣ್ಣ ತೆಳುವಾದಷ್ಟೂ ಬೇಗ ಕೆಳಗೆ ಕೂರುತ್ತದೆ. ಒಳಗೆ ಗುಂಡು ಬೇಕು. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಪುಕ್ಕಟೆ ಸಿಕ್ಕಿತು, ಕೆಲವೇ ತಿಂಗಳಲ್ಲಿ ತಿಳಿಬೂದಿಗೆ ತುಕ್ಕಿನ ಛಾಯೆ ಬಂತು, ಎಕ್ಸ್-20ಎ ಒಳಗೆ ನೀರೂ ಇದೆಯಲ್ಲ. ಆಮೇಲೆ ರಾಜಾ ಮಾರ್ಕೆಟ್ಟಿನಲ್ಲಿ ಸರ ಪೋಣಿಸುವ ಗಾಜಿನ ಮಣಿ ತಂದೆ, ಬಣ್ಣ ಲೇಪಿಸದ ಪಾರದರ್ಶಕ ಮಣಿ. ಸೀಸೆಗೆ ಮೂರು. ಸೀಸೆಗಳನ್ನು ತಲೆಕೆಳಗಾಗಿ ನಿಲ್ಲಿಸುತ್ತೇನೆ, ತಿಂಗಳಿಗೊಮ್ಮೆ ಟಿವಿ ನೋಡುತ್ತಾ ಒಂದೊಂದನ್ನೇ ಕುಲುಕುತ್ತೇನೆ. ಮಣಿಯ ಸದ್ದು ಮಂಕಾಗಿದ್ದರೆ ಗಸಿ ಇನ್ನೂ ಬಿಟ್ಟಿಲ್ಲ ಅಂತ, ಟಣ್ ಅಂದರೆ ಬಣ್ಣ ತಯಾರು.

ಕಪ್‌ಗೆ ಸುರಿಯುವ ಮೊದಲು ಸೀಸೆಯ ಒಳಗೋಡೆ ನೋಡಿ. ಓರೆ ಮಾಡಿ ನೆಟ್ಟಗೆ ಹಿಡಿದಾಗ ಬಣ್ಣ ಒಂದೇ ಪದರವಾಗಿ ಇಳಿದು, ಗಾಜಿನ ಮೇಲೆ ತೆಳು ಛಾಯೆ ಮಾತ್ರ ಬಿಟ್ಟುಹೋಗಬೇಕು. ಗೀಟು ಗೀಟಾಗಿ ಇಳಿದರೆ ಥಿನ್ನರ್ ಜಾಸ್ತಿ, ದಪ್ಪಗೆ ಅಂಟಿಕೊಂಡು ನಿಂತರೆ ಕಡಿಮೆ. ಜರ್ಮನಿಯ ಮೆಸ್ಸರ್‌ಶ್ಮಿಟ್ 109 ಯುದ್ಧವಿಮಾನದ ಪಕ್ಕದ ಚುಕ್ಕಿಗಳಿಗೆ ಅಂತಲೇ ಬಣ್ಣ ಒಂದಕ್ಕೆ ಥಿನ್ನರ್ ನಾಲ್ಕರಷ್ಟು ತೆಳುವಾದ ಸೀಸೆ ಬೇರೆ ಇಟ್ಟಿದ್ದೇನೆ, 10 ಪಿಎಸ್‌ಐ ಸಾಕು.

ಎಲ್ಲಾ ಬಣ್ಣಕ್ಕೂ ಇದು ನಡೆಯಲ್ಲ. ಎಕ್ಸ್-11 ಬೆಳ್ಳಿ ಇಟ್ಟರೆ ಚೂರು ಚೂರಾಗಿ ಗಂಟು ಕಟ್ಟುತ್ತದೆ, ಅದನ್ನು ಆಗಿಂದಾಗ್ಗೆ ಬೆರೆಸಿಕೊಳ್ಳುವುದೇ ಸರಿ. ಎಕ್ಸ್‌ಎಫ್-2 ಬಿಳಿ ಆರು ತಿಂಗಳು ಬರುತ್ತದೆ, ಆಮೇಲೆ ಮಣಿಗೂ ಬಗ್ಗುವುದಿಲ್ಲ. ವಲ್ಲೆಹೋ ಕಂಪನಿಯ ಬಣ್ಣದ ಕಡೆಗೆ ಈ ಮಿಶ್ರಣ ಒಯ್ಯಲೇಬೇಡಿ. ಅದು ನೀರಿನಲ್ಲಿ ಕಲೆಸಿದ ಅಕ್ರಿಲಿಕ್, ಆಲ್ಕೋಹಾಲ್ ತಗುಲಿದ ಕೂಡಲೇ ಸೂಜಿಯ ಸುತ್ತ ರಬ್ಬರಾಗಿ ಸುತ್ತಿಕೊಳ್ಳುತ್ತದೆ. ಅದಕ್ಕೆ ಅದರದ್ದೇ ಥಿನ್ನರ್ ಮತ್ತು ಡಿಸ್ಟಿಲ್ಡ್ ವಾಟರ್ ಹಾಕಿ ಎರಡು ಸೀಸೆ ಬೇರೆ ಇಟ್ಟಿದ್ದೇನೆ. ಮಳೆಗಾಲ ದಾಟಿ, ಬೂಸ್ಟು ಹಿಡಿಯದಿದ್ದರೆ ಅದರ ಅಳತೆಯನ್ನೂ ಬರೆಯುತ್ತೇನೆ.