ಹಾಸನದಿಂದ ಕಳಸಕ್ಕೆ ಒಬ್ಬರೇ ಸೈಕಲ್ ತುಳಿಯುವವರಿಗೆ

ಕಿಲೋಮೀಟರ್ ನೋಡಿಕೊಂಡು ಮಲೆನಾಡಿಗೆ ಸೈಕಲ್ ಹತ್ತಬೇಡಿ. ಬಯಲುಸೀಮೆಯಲ್ಲಿ ದಿನಕ್ಕೆ ನೂರು ಕಿ.ಮೀ. ಆರಾಮಾಗಿ ತುಳಿಯುವವರೂ ಮೂಡಿಗೆರೆ ದಾಟಿದ ಮೇಲೆ ಐವತ್ತಕ್ಕೇ ಸುಸ್ತಾಗಿ ಕೂರುತ್ತಾರೆ. ಇಲ್ಲಿ ಬೇಕಾಗುವ ಲೆಕ್ಕ ಎರಡು: ಎಷ್ಟು ಏರಬೇಕು, ಕತ್ತಲಾಗೋಕೆ ಎಷ್ಟು ಹೊತ್ತಿದೆ. ಎರಡನೆಯದೇ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಸಲ ಹೋಗುವವರಿಗೆ ಈ ದಾರಿ ಸಾಕು. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಸಣ್ಣಪುಟ್ಟ ಏರಿಳಿತ ಬಿಟ್ಟರೆ ಕಷ್ಟವೇನಿಲ್ಲ. ಅಲ್ಲೇ ಉಳಿದು ದೇವಸ್ಥಾನ ನೋಡಿ. ಮರುದಿನ ಚಿಕ್ಕಮಗಳೂರು, ಇನ್ನೊಂದು 25 ಕಿ.ಮೀ. ಇಷ್ಟೇನಾ ಅನ್ನಬೇಡಿ. ಕಟ್ಟಿದ ಲಗೇಜ್ ಎಲ್ಲಿ ಸಡಿಲವಾಗುತ್ತದೆ, ಸೀಟು ಎಲ್ಲಿ ಒತ್ತುತ್ತದೆ ಅಂತ ಗೊತ್ತಾಗುವುದು ಈ ಎರಡು ದಿನದಲ್ಲೇ, ಮತ್ತೆ ಚಿಕ್ಕಮಗಳೂರು ದಾಟಿದರೆ ಗೇರ್ ಸೈಕಲ್ ಗೊತ್ತಿರುವ ಮೆಕ್ಯಾನಿಕ್ ಸಿಗುವುದು ಕಷ್ಟ. ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ, ಬಾಳೂರು ಮೇಲೆ ಕಳಸ. ಕಳಸದಿಂದ ಹೊರನಾಡು ಹತ್ತಿರವೇ. ವಾಪಸ್ ಬರುವಾಗ ಬಾಳೆಹೊನ್ನೂರು, ಆಲ್ದೂರು ಮೇಲೆ ಬನ್ನಿ, ಬಂದ ದಾರಿಯನ್ನೇ ತುಳಿಯುವ ಬೇಜಾರಿರುವುದಿಲ್ಲ.

ಸಕಲೇಶಪುರದ ಕಡೆಯಿಂದ ಶಿರಾಡಿ ಘಾಟಿ ಇಳಿಯುವ ಆಸೆ ಬೇಡ. ಅದು ಮಂಗಳೂರು ಬಂದರಿಗೆ ಹೋಗುವ ಲಾರಿ, ಟ್ಯಾಂಕರ್‌ಗಳ ರಸ್ತೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವುದೇನೋ ಮಜವೇ, ಆದರೆ ಇಳಿದದ್ದನ್ನು ಮತ್ತೆ ಹತ್ತಬೇಕಲ್ವಾ? ಮಳೆಗಾಲದಲ್ಲಂತೂ ಆ ಕಡೆ ತಲೆ ಹಾಕಬೇಡಿ. 2019ರಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆಗಿತ್ತು.

ಹೋಗುವುದಾದರೆ ಮಳೆ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಕಾಫಿ ಕುಯ್ಲಿನ ಸಮಯ, ರಸ್ತೆಯಲ್ಲಿ ಆಳುಗಳನ್ನು ಕರೆದೊಯ್ಯುವ ಜೀಪು, ಪಿಕಪ್ ಓಡಾಟ ಇರುತ್ತದೆ. ಒಬ್ಬರೇ ಇರುವವರಿಗೆ ಅದೇ ಧೈರ್ಯ.

ಸೈಕಲ್ ದುಬಾರಿ ಇರಬೇಕು ಅಂತೇನಿಲ್ಲ, ಗೇರ್ ಮಾತ್ರ ತುಳಿಯೋಕೆ ಹಗುರ ಇರಬೇಕು. ಮುಂದೆ ಪೆಡಲ್ ಹತ್ತಿರದ ಹಲ್ಲುಚಕ್ರಕ್ಕೆ (ಚೈನ್‌ರಿಂಗ್) 34 ಹಲ್ಲು, ಹಿಂದಿನದಕ್ಕೂ 34 ಹಲ್ಲು ಅಂದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಲಗೇಜ್ ಹೊತ್ತು ಏರು ಹತ್ತುವಾಗ ಇದಕ್ಕಿಂತ ಜಾಸ್ತಿ ವೇಗ ಬೇಕಾಗಿಲ್ಲ, ಇನ್ನೂ ಹಗುರ ಸಿಕ್ಕರೆ ಒಳ್ಳೆಯದೇ. ಮುಂದೆ ಮೂರು ಚೈನ್‌ರಿಂಗ್ ಇರುವ ಹಳೇ ಎಂಟಿಬಿ (ಗುಡ್ಡಗಾಡಿನ ಸೈಕಲ್) ಹತ್ತುವ ಏರನ್ನು ರೇಸಿಂಗ್ ಸೈಕಲ್‌ನವರು ತಳ್ಳಿಕೊಂಡು ಬರುತ್ತಾರೆ.

ಟ್ಯೂಬ್ ವಿಷಯ ಯಾರೂ ಹೇಳುವುದಿಲ್ಲ. ಇಲ್ಲಿ ಪಂಚರ್ ಅಂಗಡಿಗಳು ಬೇಕಾದಷ್ಟಿವೆ, ಆದರೆ ಅವರ ಗಾಳಿ ಪೈಪು ಕೂರುವುದು ಬೈಕಿಗೆ ಇರುವಂಥ ದಪ್ಪ ವಾಲ್ವ್‌ಗೆ. ನಿಮ್ಮದು ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ಇಷ್ಟೇ ಇಷ್ಟು ಹಿತ್ತಾಳೆ ಅಡಾಪ್ಟರ್ ಒಂದನ್ನು ಜೇಬಲ್ಲಿಟ್ಟುಕೊಳ್ಳಿ. ಜೊತೆಗೆ ಎರಡು ಟ್ಯೂಬ್, ಪ್ಯಾಚು, ಪಂಪು, ಒಂದು ಗೇರ್ ಕೇಬಲ್, ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್, ಒಂದು ಜೊತೆ ಬ್ರೇಕ್ ಪ್ಯಾಡ್. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರಬೇಡಿ, ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ ಚೆನ್ನಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ರಿಮ್ಮೋ ಡಿಸ್ಕೋ ಬಿಸಿಯಾದ ವಾಸನೆ ಬಂದರೆ ನಿಂತು ನೀರು ಕುಡಿಯಿರಿ, ಅಷ್ಟರಲ್ಲಿ ಅದೂ ತಣ್ಣಗಾಗುತ್ತದೆ.

ಈಗ ಕತ್ತಲೆಯ ವಿಷಯ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಕಾಡಾನೆ ಇರುವುದು ಕಾಡಲ್ಲಿ ಅಲ್ಲ, ತೋಟದಲ್ಲಿ. ಬಿಕ್ಕೋಡು, ಅರೇಹಳ್ಳಿ ಕಡೆ ಹಗಲು ತೋಟದ ನೆರಳಲ್ಲಿ ನಿಂತಿದ್ದು, ಸಂಜೆಯಾದ ಮೇಲೆ ರಸ್ತೆ ದಾಟಿ ಗದ್ದೆಗೋ ಇನ್ನೊಂದು ತೋಟಕ್ಕೋ ಹೋಗುತ್ತವೆ, ಬೆಳಗಾಗುವ ಹೊತ್ತಿಗೆ ವಾಪಸ್ ಬರುತ್ತವೆ. ಬೈಕಾದರೆ ಆನೆಗೆ ದೂರದಿಂದಲೇ ಕೇಳಿಸುತ್ತದೆ. ಸೈಕಲ್‌ಗೆ ಸದ್ದೇ ಇಲ್ಲ, ತಿರುವಲ್ಲಿ ಆನೆಗೂ ನಿಮಗೂ ಒಟ್ಟಿಗೇ ಗಾಬರಿ, ಆಮೇಲೆ ಏರಿನಲ್ಲಿ ಸೈಕಲ್ ತಿರುಗಿಸಿ ಓಡುವ ಮಾತೆಲ್ಲಿ ಬಂತು! ಹಾಗಾಗಿ ಬೆಳಿಗ್ಗೆ ಏಳರ ಮೇಲೆ, ಮಂಜು ಸ್ವಲ್ಪ ಕರಗಿದ ನಂತರ ಹೊರಡಿ. ಮಧ್ಯಾಹ್ನ ಮೂರೂವರೆ ಒಳಗೆ ಉಳಿಯುವ ಊರು ಸೇರಿರಬೇಕು, ಆಗ ಒಂದು ಪಂಚರ್ ಆದರೂ ಬೆಳಕಿರುತ್ತದೆ.

ಟೀ ಅಂಗಡಿಯಲ್ಲಿ ನಿಂತಾಗಲೆಲ್ಲ "ಅಣ್ಣ, ಈ ಕಡೆ ಆನೆ ಇದೆಯಾ?" ಅಂತ ಕೇಳಿ. ಯಾರೂ ನಗುವುದಿಲ್ಲ, ಇಲ್ಲಿ ಮಳೆ ಬಂತಾ ಅಂತ ಕೇಳಿದಷ್ಟೇ ಮಾಮೂಲಿ ಪ್ರಶ್ನೆ ಅದು. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಊರವರ ಮೊಬೈಲ್‌ಗೆ ಮೆಸೇಜ್ ಕಳಿಸುತ್ತಾರೆ, ಅಂಗಡಿಯವರಿಗೆ ಗೊತ್ತಿರುತ್ತದೆ. ರಸ್ತೆಯಲ್ಲಿ ಹಸಿ ಲದ್ದಿ, ಮುರಿದು ಬಿದ್ದ ಬೈನೆ ಮರ, ಬಾಳೆ ಕಂಡರೆ ಅಲ್ಲೇ ನಿಲ್ಲಿ. ಹಿಂದೆ ಬರುವ ಬಸ್ಸಿಗೋ ಜೀಪಿಗೋ ಕಾದು, ವಿಷಯ ಹೇಳಿ ಅದರ ಜೊತೆಗೇ ಹೋಗಿ. ಸೈಕಲ್ ಹಾಕಿಕೊಳ್ಳುತ್ತೇವೆ ಅಂದರೆ ನಾಚಿಕೆ ಬಿಟ್ಟು ಹಾಕಿಬಿಡಿ. ಫೋಟೋ ಬೇಡ.

ನಾಯಿಗೆ ಇಷ್ಟೆಲ್ಲ ಬೇಕಾಗಿಲ್ಲ. ತೋಟದ ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ಮಧ್ಯೆ ಇಟ್ಟುಕೊಂಡು ನಡೆಯಿರಿ.

ಮುಳ್ಳಯ್ಯನಗಿರಿಗೆ ಲಗೇಜನ್ನು ಚಿಕ್ಕಮಗಳೂರಿನ ರೂಮಲ್ಲೇ ಬಿಟ್ಟು ಒಂದು ದಿನ ಪೂರ್ತಿ ಕೊಡಿ. ಊರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಶಿಖರ 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರ. ಕೈಮರ ಚೆಕ್‌ಪೋಸ್ಟ್ ಆದಮೇಲೆ ನಿಜವಾದ ಏರು ಶುರು. ಸೀತಾಳಯ್ಯನಗಿರಿಯಿಂದ ಮೇಲಿನದು ಕಡಿದು, ಗಾಳಿ ಬೇರೆ ತಳ್ಳುತ್ತದೆ, ಇಳಿದು ತಳ್ಳಿದರೆ ಮರ್ಯಾದೆ ಏನೂ ಹೋಗುವುದಿಲ್ಲ. ಶನಿವಾರ ಭಾನುವಾರ ಮಾತ್ರ ಬೇಡ. ಸಣ್ಣ ರಸ್ತೆ, ಕಾರುಗಳ ಸಾಲು, ಹೊಗೆ ಕುಡಿದುಕೊಂಡೇ ಹತ್ತಬೇಕು.

ಊಟದ ಚಿಂತೆ ಇಲ್ಲ. ಅಕ್ಕಿ ರೊಟ್ಟಿ, ಕಡುಬು ಸಿಕ್ಕಲ್ಲಿ ಹೊಟ್ಟೆ ತುಂಬ ತಿನ್ನಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗಬೇಡಿ. ಅಲ್ಲಿಂದ ಕಳಸದವರೆಗೆ ಊರುಗಳು ಕಮ್ಮಿ, ಎರಡು ಲೀಟರ್ ನೀರು, ಬಾಳೆಹಣ್ಣು, ಕಡಲೆ ಮಿಠಾಯಿ ಇರಲಿ. ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟ ಇದೆ.

ಉಳಿಯುವುದೇ ಸ್ವಲ್ಪ ತಲೆನೋವು. ಹೋಂಸ್ಟೇಗಳ ರೇಟು ಇರುವುದು ಗುಂಪಿಗೆ, ಒಬ್ಬರಿಗೆ ಕೈ ಕಚ್ಚುತ್ತದೆ. ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜೇ ಸರಿ, ಆದರೆ ಒಬ್ಬರೇ ಅಂದರೆ ಕೆಲವು ಕಡೆ ಅನುಮಾನದಿಂದ ನೋಡುತ್ತಾರೆ. ಆಧಾರ್ ಕಾರ್ಡ್ ಮೊದಲೇ ಮುಂದಿಡಿ, ಹೊರಗೆ ನಿಂತಿರುವ ಸೈಕಲ್ ತೋರಿಸಿ, ಎಲ್ಲಿಂದ ಬಂದಿರಿ ಅಂತ ಹೇಳಿ. ಸೈಕಲ್ ಕಂಡ ಮೇಲೆ ಅನುಮಾನ ಹೋಗಿ ಪ್ರಶ್ನೆ ಶುರುವಾಗುತ್ತದೆ.

ಬಾಳೂರಿನಿಂದ ಮುಂದೆ ನೆಟ್‌ವರ್ಕ್ ನಂಬಬೇಡಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಅದು ಶಾರ್ಟ್‌ಕಟ್ ತೋರಿಸಿದರೆ ಮಾತ್ರ ಕೇಳಬೇಡಿ, ಕೊನೆಗೆ ಯಾರದೋ ಎಸ್ಟೇಟಿನ ಗೇಟು ಸಿಗುತ್ತದೆ. ಹೊರಡುವಾಗ ಮನೆಗೆ ಒಂದು ಮೆಸೇಜ್, ಸೇರಿದ ಮೇಲೆ ಒಂದು. ಸಂಜೆ ಇಷ್ಟು ಹೊತ್ತಾದರೂ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಮನೆಯವರಿಗೆ ಮೊದಲೇ ತಿಳಿಸಿರಿ.

ವಾಪಸ್ ರೈಲಿನಲ್ಲಿ ಹೋಗುವುದಾದರೆ ಸೈಕಲ್ಲನ್ನು ಸ್ಟೇಷನ್ನಿನಲ್ಲಿ ಲಗೇಜ್ ಅಂತ ಬುಕ್ ಮಾಡಿಸಬೇಕು. ಗಾಡಿ ಹೊರಡುವುದಕ್ಕೆ ಒಂದೆರಡು ಗಂಟೆ ಮುಂಚೆಯೇ ಹೋಗಿ, ಹಿಂದಿನ ಗೇರ್ ಕಡೆ ರಟ್ಟು ಸುತ್ತಿ ಕಟ್ಟಿ, ಲೈಟು, ಮೀಟರು ಎಲ್ಲ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ.