ಮಂಡಗದ್ದೆ ಬಂದಾಗ ಒಂದು ರಹಸ್ಯ: ಸಂಕಟದಲ್ಲಿ ಪ್ರಾರ್ಥನೆ ಮಾಡುವ ಬಗೆ

ನಾನು ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ತೀರ್ಥಹಳ್ಳಿ–ಶಿವಮೊಗ್ಗ ರೂಟು. ಮಂಡಿ ಕೈಕೊಟ್ಟ ಮೇಲೆ ಬಸ್ಸಿನಿಂದ ಇಳಿದೆ, ನಮ್ಮ ಇಗರ್ಜಿಯವರು, ಅಂದರೆ ಚರ್ಚಿನವರು, ಹಿಡಿದು ವಾಳೆಯ ಗುರಿಕಾರನನ್ನಾಗಿ ಮಾಡಿದರು. ವಾಳೆ ಅಂದರೆ ಒಂದಿಷ್ಟು ಮನೆಗಳ ಗುಂಪು. ಯಾರ ಮನೆಯಲ್ಲಿ ಸಾವಾದರೂ ಮೊದಲ ಫೋನು ಗುರಿಕಾರನಿಗೆ. ಫಾದರಿಗೆ ತಿಳಿಸುವುದು, ಗುಂಡಿ ತೆಗೆಯುವವರನ್ನು ಕರೆಯುವುದು, ಅಂಗಳಕ್ಕೆ ಟಾರ್ಪಾಲು ಕಟ್ಟಿಸುವುದು, ರಾತ್ರಿ ತೇರ್ಸು ನಡೆಸುವುದು, ಎಲ್ಲ ನನ್ನ ತಲೆಗೇ. ನಾವು ಮನೆಯಲ್ಲಿ ಕೊಂಕಣಿ ಮಾತಾಡುವವರು, ಮಣಿ ಎಣಿಸುತ್ತಾ ಹೇಳುವ ಜಪಸರದ ಪ್ರಾರ್ಥನೆಗೆ ತೇರ್ಸು ಅನ್ನುತ್ತೇವೆ.

ಅಂಥ ಮನೆಗಳಲ್ಲಿ "ಪ್ರಾರ್ಥನೆ ಬಿಡಬೇಡಿ" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆಮೇಲೆ ಒಂದು ಜುಲೈ ತಿಂಗಳ ಜಡಿಮಳೆಯಲ್ಲಿ ನನ್ನ ಹೆಂಡತಿಯೇ ಹೋದಳು. ಪ್ರಾರ್ಥನೆ ಬಿಡಬೇಡಿ ಅಂದಿದ್ದೆ, ಹೇಗೆ ಅಂತ ಒಬ್ಬರಿಗೂ ಹೇಳಿಕೊಟ್ಟಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಈಗ ಅದನ್ನು ಬರೆಯುತ್ತಿದ್ದೇನೆ.

ಮೊದಲ ಒಂದು ವಾರ ನೀವೇನೂ ಮಾಡಬೇಡಿ. ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ನನ್ನ ಮನೆಯಲ್ಲಿ ವಾಳೆಯವರು ಸಂಜೆ ಬಂದು ತೇರ್ಸು ಹೇಳುತ್ತಿದ್ದರು. ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಬಾಯಿ ತೆರೆದರೆ ಅಳು, ಇಲ್ಲವೇ ಏನೂ ಇಲ್ಲ. ಎದುರು ಮನೆಯ ಗೌಡರ ಮನೆಯಿಂದ ಗಂಜಿ, ಉಪ್ಪಿನಕಾಯಿ ಬರುತ್ತಿತ್ತು. ಗಂಜಿಯನ್ನು ಬೇರೆಯವರು ಬೇಯಿಸಿ ತಂದರೆ ಉಣ್ಣುತ್ತೇವೆ, ಅಲ್ವಾ? ಪ್ರಾರ್ಥನೆಯೂ ಹಾಗೇ ಬರಲಿ. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಮಾಡು ಕಿತ್ತು ಯೇಸುವಿನ ಮುಂದೆ ಇಳಿಸಿದ ಕತೆ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ. ಯೇಸು ಅವರ ನಂಬಿಕೆಯನ್ನು ಕಂಡರು ಅಂತ ಅಲ್ಲಿ ಬರೆದಿದೆ. ಹೊತ್ತು ತಂದವರ ನಂಬಿಕೆ. ಮಲಗಿದ್ದವನು ಒಂದು ಮಾತೂ ಆಡಿಲ್ಲ.

ವಾರ ಕಳೆದು ಜನ ಬರುವುದು ನಿಂತ ಮೇಲೆ ಮನೆ ದೊಡ್ಡದಾಗುತ್ತದೆ. ಆಗ ಕೈಗೆ ಜಪಸರ ತಗೊಳ್ಳಿ. ಮನಸ್ಸು ಬರಲಿ ಅಂತ ಕಾಯಬೇಡಿ, ಅದು ಬರುವುದಿಲ್ಲ. ಬೆರಳಿಗೆ ಕೆಲಸ ಕೊಡಿ. ರಹಸ್ಯ ಅಂದರೆ ಯೇಸು, ಮರಿಯಮ್ಮನವರ ಬದುಕಿನ ಒಂದು ಘಟನೆ ನೆನೆದು ಹೇಳುವ ಹತ್ತು ಮಣಿಯ ಜಪ. ಪೂರ್ತಿ ಐದು ರಹಸ್ಯ ಹೇಳಲು ಇಪ್ಪತ್ತು ನಿಮಿಷ ಸಾಕು, ಆದರೆ ದುಃಖದಲ್ಲಿರುವವನಿಗೆ ಇಪ್ಪತ್ತು ನಿಮಿಷ ಅಂದರೆ ಘಾಟಿ ಹತ್ತಿದ ಹಾಗೆ. ಅದಕ್ಕೆ ಒಂದು ಉಪಾಯ ಇದೆ. ಅದು ನನಗೆ ಬಸ್ಸಿನಲ್ಲೇ ಸಿಕ್ಕಿದ್ದು.

ಹೆಂಡತಿಗೆ ಎರಡೂವರೆ ವರ್ಷ ಡಯಾಲಿಸಿಸ್ ನಡೆಯಿತು. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಶಿವಮೊಗ್ಗಕ್ಕೆ ಹೋಗಬೇಕು. ನಾನು ಟಿಕೆಟ್ ಹರಿಯುತ್ತಿದ್ದ ಅದೇ ರಸ್ತೆಯಲ್ಲಿ ಈಗ ಪ್ರಯಾಣಿಕನಾಗಿ ಕೂತೆ. ಜಪಸರದ ಲೆಕ್ಕದಲ್ಲೂ ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳ ದಿನ. ಅವಳೇ ನಕ್ಕು ಹೇಳಿದ್ದಳು, "ನೋಡಿ, ಡಾಕ್ಟರು ಕ್ಯಾಲೆಂಡರ್ ನೋಡಿಯೇ ದಿನ ಕೊಟ್ಟಿದ್ದಾರೆ." ಬಸ್‌ಸ್ಟ್ಯಾಂಡು ಬಿಟ್ಟ ಕೂಡಲೇ ಒಂದು ರಹಸ್ಯ: ಗೆತ್ಸೆಮನೆ ತೋಟದಲ್ಲಿ ಯೇಸುವಿನ ಸಂಕಟ. ಅಲ್ಲಿಗೆ ನಿಲ್ಲಿಸುವುದು. ಅವಳಿಗೆ ಸುಸ್ತು, ಕಣ್ಣು ಮುಚ್ಚುತ್ತಿದ್ದಳು. ಕಾಡು ಶುರುವಾದಾಗ ಇನ್ನೊಂದು, ಕೊರಡೆ ಏಟು. ಮಂಡಗದ್ದೆಯಲ್ಲಿ ತುಂಗಾ ನದಿಯ ನಡುವಿನ ಮರಗಳಲ್ಲಿ ಕೊಕ್ಕರೆಗಳು ಕಂಡಾಗ ಮೂರನೆಯದು, ಮುಳ್ಳಿನ ಕಿರೀಟ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಶಿಲುಬೆ ಹೊರುವುದು. ಗಾಜನೂರು ಡ್ಯಾಮು ದಾಟಿದ ಮೇಲೆ ಕೊನೆಯದು. ಬಸ್ಸು ಊರು ಸೇರುವಷ್ಟರಲ್ಲಿ ತೇರ್ಸು ಮುಗಿದಿರುತ್ತಿತ್ತು, ಹೇಳಿದ್ದೇ ಗೊತ್ತಾಗುತ್ತಿರಲಿಲ್ಲ.

ಹೀಗೆ ತುಂಡು ಮಾಡಿ ಹೇಳಬಹುದಾ ಅಂತ ನನಗೂ ಅನುಮಾನ ಇತ್ತು. ಫಾದರನ್ನು ಕೇಳಿದೆ. ದಿನದೊಳಗೆ ಬಿಡಿಬಿಡಿಯಾಗಿ ಹೇಳಿದರೂ ಅದು ತೇರ್ಸೇ ಅಂದರು. ನಿಮ್ಮ ಹತ್ತಿರ ಬಸ್ ರೂಟು ಇಲ್ಲದಿದ್ದರೆ ಮನೆಯಲ್ಲೇ ನಿಲ್ದಾಣ ಮಾಡಿಕೊಳ್ಳಿ. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ಕಾಯುವ ತನಕ ಒಂದು ರಹಸ್ಯ. ದನಕ್ಕೆ ಹುಲ್ಲು ಹಾಕಿ ಬಂದ ಮೇಲೆ ಒಂದು. ಕರೆಂಟು ಹೋದಾಗ ಒಂದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ನಂಬಿಕೊಂಡರೆ ಐದಕ್ಕಿಂತ ಜಾಸ್ತಿಯೇ ಆಗುತ್ತದೆ. ಗುರುವಾರಕ್ಕೆ ಬೆಳಕಿನ ರಹಸ್ಯಗಳಿವೆ, ಎರಡನೇ ಜಾನ್ ಪೌಲ್ ಪೋಪರು 2002ರಲ್ಲಿ ಸೇರಿಸಿದ್ದು. ನಮ್ಮ ಅಮ್ಮನ ಕಾಲದಲ್ಲಿ ಅದಿರಲಿಲ್ಲ. ಹೆಸರು ನೆನಪಾಗದಿದ್ದರೆ ತಲೆಬಿಸಿ ಬೇಡ, ಗೊತ್ತಿರುವ ರಹಸ್ಯವನ್ನೇ ಹೇಳಿ.

ಇನ್ನು ಸಿಟ್ಟಿನ ವಿಷಯ. ಸತ್ತ ಮನೆಗೆ ಬಂದವರು "ಎಲ್ಲ ದೇವರ ಚಿತ್ತ" ಅನ್ನುತ್ತಾರೆ. ನಾನೂ ಅಂದಿದ್ದೇನೆ. ಆ ಮಾತು ಸುಳ್ಳಲ್ಲ, ಆದರೆ ಆ ಹೊತ್ತಿಗೆ ಅದು ಗಾಯಕ್ಕೆ ಮೆಣಸಿನ ಪುಡಿ. ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು, ಯಾರಿಗೆ ಹೇಳುವುದು? ಗುರಿಕಾರ ಹೀಗೆ ಮಾತಾಡಿದ ಅಂದರೆ ಊರೆಲ್ಲ ಸುದ್ದಿ. ಆಗ ಬೈಬಲ್ಲಿನ ಕೀರ್ತನೆಗಳನ್ನು ತೆಗೆದೆ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳು, ದೂರು. 13ನೆಯದು ತೆಗೆಯಿರಿ, ಆರೇ ವಚನ. ಶುರುವಿನ ಎರಡು ವಚನದಲ್ಲೇ "ಎಲ್ಲಿಯ ತನಕ" ಅಂತ ನಾಲ್ಕು ಸಲ ದೇವರನ್ನು ಕೇಳುತ್ತದೆ. 22ನೆಯದು ಯೇಸು ಶಿಲುಬೆಯ ಮೇಲೆ ಕೂಗಿದ ಮಾತಿನಿಂದಲೇ ಶುರುವಾಗುತ್ತದೆ, ನನ್ನನ್ನು ಯಾಕೆ ಕೈಬಿಟ್ಟೆ ಅಂತ. ತೀರಾ ಕತ್ತಲಾದ ದಿನಕ್ಕೆ 88ನೆಯದು. ಬೇರೆ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸಮಾಧಾನಕ್ಕೆ ಬರುತ್ತವೆ. ಇದು ಬರುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಬೈಬಲ್ಲಿನಲ್ಲಿ ಉಳಿಸಿಕೊಂಡಿದ್ದಾರೆ, ನನಗೆ ಅದೇ ದೊಡ್ಡ ಸಮಾಧಾನ. ಇವನ್ನು ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ. ಹಂಚಿನ ಮೇಲೆ ಮಳೆ ಬೀಳುತ್ತಿರುವಾಗ ಎಷ್ಟು ಗಟ್ಟಿಯಾಗಿ ಓದಿದರೂ ಪಕ್ಕದ ಮನೆಗೆ ಕೇಳಿಸುವುದಿಲ್ಲ.

ಬೆಥಾನಿಯದ ಮಾರ್ತಾ ಏನು ಹೇಳಿದಳು ನೋಡಿ. ತಮ್ಮ ಲಾಜರ ಸತ್ತು ನಾಲ್ಕು ದಿನದ ಮೇಲೆ ಯೇಸು ಬಂದರೆ, ಅವಳ ಮೊದಲ ಮಾತು: ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಯೇಸು ಅವಳನ್ನು ಗದರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರೇ ಅತ್ತರು. ಯೊವಾನ್ನನ ಸುವಾರ್ತೆ 11ನೇ ಅಧ್ಯಾಯ. ಸಾವಿನ ಮನೆಗೆ ಹೋಗುವವರು ಇದನ್ನು ಓದಿಕೊಂಡು ಹೋಗಿ. ಏನು ಮಾತಾಡುವುದು ಗೊತ್ತಾಗದಿದ್ದರೆ ಸುಮ್ನೆ ಕೂತುಕೊಳ್ಳಿ. ಯೋಬನ ಗೆಳೆಯರು ಏಳು ದಿನ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಕೆಟ್ಟಿದ್ದು ಬಾಯಿ ಬಿಟ್ಟ ಮೇಲೆಯೇ.

ಈಗ ನನ್ನ ತಪ್ಪೊಂದನ್ನು ಹೇಳುತ್ತೇನೆ, ನೀವು ಮಾಡಬೇಡಿ. ರೋಗಿಗಳ ಅಭ್ಯಂಗ ಅನ್ನುವ ಸಂಸ್ಕಾರ ಇದೆಯಲ್ಲ, ಫಾದರು ಬಂದು ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು, ಅದನ್ನು ನಮ್ಮ ಜನ ಈಗಲೂ ಸಾಯುವವರಿಗೆ ಕೊಡುವುದು ಅಂತಲೇ ತಿಳಿದಿದ್ದಾರೆ. ಫಾದರು ಎಣ್ಣೆ ತಂದರು ಅಂದರೆ ಮನೆಯಲ್ಲಿ ಅಳು ಶುರು. ಅವಳು ಹೆದರಿಕೊಂಡಾಳು ಅಂತ ನಾನು ಮುಂದೂಡುತ್ತಾ ಹೋದೆ. ಕೊನೆಗೆ ಅವಳೇ ಕೇಳಿದಳು. "ಊರಿನವರಿಗೆಲ್ಲ ಫಾದರನ್ನು ಕರೆಸುತ್ತೀರಿ, ನನಗೆ ಯಾವಾಗ?" ಆ ಪ್ರಶ್ನೆ ಈಗಲೂ ಕಿವಿಯಲ್ಲಿದೆ. 1972ರಲ್ಲಿ ಆರನೇ ಪೌಲ್ ಪೋಪರು ಈ ಸಂಸ್ಕಾರದ ಕ್ರಮವನ್ನು ಹೊಸದು ಮಾಡಿದರು. ಕಾಯಿಲೆ ಗಂಭೀರ ಆಗಿದ್ದರೆ ಸಾಕು, ಸಾವು ಬಾಗಿಲಿಗೆ ಬರಬೇಕಿಲ್ಲ. ದೊಡ್ಡ ಆಪರೇಷನ್ನಿಗೆ ಮುಂಚೆ ಪಡೆಯಬಹುದು, ವಯಸ್ಸಾಗಿ ನಿತ್ರಾಣ ಆದವರು ಪಡೆಯಬಹುದು. ವಾಸಿಯಾಗಿ ಮತ್ತೆ ಬಿದ್ದರೆ, ಇಲ್ಲವೇ ಅದೇ ಕಾಯಿಲೆ ಜೋರಾದರೆ, ಮತ್ತೆ ಪಡೆಯಬಹುದು. ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಕರೆಸಿ, ಪಾಪನಿವೇದನೆಗೂ ಅನುಕೂಲ. ಮೇಜಿಗೆ ಒಂದು ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ ಇದ್ದರೆ ಸಾಕು. ಎಣ್ಣೆ ಹಚ್ಚಿಸಿಕೊಂಡ ದಿನ ನನ್ನ ಹೆಂಡತಿ ಹೆದರಲಿಲ್ಲ. ಕಾಫಿ ಮಾಡಿ ಫಾದರಿಗೆ ಕೊಡಿ, ಸಕ್ಕರೆ ಕಡಿಮೆ ಹಾಕಿ, ಅವರಿಗೆ ಶುಗರ್ ಇದೆ ಅಂದಳು.

ಹಾಗಂತ ಪ್ರಾರ್ಥನೆ ಮಾಡಿದರೆ ಮಾತ್ರೆ ಬೇಡ ಅನ್ನುವವರ ಮಾತಿಗೆ ಬೀಳಬೇಡಿ. ನಮಗೂ ಒಬ್ಬರು ಬಂದು ಡಯಾಲಿಸಿಸ್ ಬಿಡಿ, ನಂಬಿಕೆ ಸಾಲದು ಅಂದಿದ್ದರು. ಬಾಗಿಲ ತನಕ ಮರ್ಯಾದೆಯಿಂದ ಕಳಿಸಿಕೊಟ್ಟೆ. ಕಥೋಲಿಕ ಬೈಬಲ್ಲಿನಲ್ಲಿ ಸಿರಾಖನ ಗ್ರಂಥ ಇದೆ. ಅದರ 38ನೇ ಅಧ್ಯಾಯ ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದು ಅನ್ನುತ್ತದೆ. ಪ್ರಾರ್ಥನೆ ಮಾಡು, ಆಮೇಲೆ ವೈದ್ಯನಿಗೆ ಜಾಗ ಕೊಡು ಅನ್ನುತ್ತದೆ. ಅದೇ ಅಧ್ಯಾಯದ ಮುಂದಿನ ಭಾಗ ಸತ್ತವರಿಗಾಗಿ ಕಣ್ಣೀರು ಸುರಿಸು ಅಂತ ಶುರುವಾಗುತ್ತದೆ. ಡಾಕ್ಟರು, ಸಾವು, ಅಳು, ಎಲ್ಲ ಒಂದೇ ಪುಟದಲ್ಲಿ. ಹರಕೆ ಹೊರುವುದು ತಪ್ಪಲ್ಲ, ಹರಿಹರದ ಆರೋಗ್ಯ ಮಾತೆಯ ಬಸಿಲಿಕಕ್ಕೆ ನಾವೂ ಸೆಪ್ಟೆಂಬರ್ 8ರ ಹಬ್ಬಕ್ಕೆ ಹೋಗಿದ್ದೆವು. ಈಗ ನನ್ನ ಜೇಬಿನಲ್ಲಿರುವ ಜಪಸರ ಅವಳು ಅಲ್ಲಿ ಕೊಂಡಿದ್ದು. ಆದರೆ ದೇವರ ಜೊತೆ ವ್ಯಾಪಾರ ಬೇಡ. "ವಾಸಿ ಮಾಡಿದರೆ ಇಷ್ಟು ಕೊಡುತ್ತೇನೆ" ಅಂತ ನಾನು ಚೌಕಾಸಿ ಮಾಡಿದ್ದೆ. ಅವಳು ಹೋದ ಮೇಲೆ ದೇವರು ಮೋಸ ಮಾಡಿದ ಅನ್ನಿಸಿ ತಿಂಗಳುಗಟ್ಟಲೆ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕೂತೆ.

ದುಡ್ಡಿನ ಕಷ್ಟದ ಮನೆಗಳೂ ನಮ್ಮ ವಾಳೆಯಲ್ಲಿವೆ. ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಸಾಲ ತೀರಿಸಲಾಗದವರು ಸತ್ತವರಿಗೆ ಪೂಜೆ ಕೊಡಿಸಲು, ಅಂದರೆ ಅವರ ಹೆಸರಿನಲ್ಲಿ ಚರ್ಚಿನಲ್ಲಿ ಬಲಿಪೂಜೆ ಮಾಡಿಸಲು, ನಾಚುತ್ತಾರೆ. ಏಳನೇ ದಿನ, ಮೂವತ್ತನೇ ದಿನ, ವರ್ಷದ ಪೂಜೆ ಕೊಡಿಸುವುದು ನಮ್ಮ ರೂಢಿ. ಅದಕ್ಕೆ ಕಾಣಿಕೆ ಇದೆ. ಆದರೆ ಬಡವರ ಕೋರಿಕೆಗೆ ಕಾಣಿಕೆ ಇಲ್ಲದೆಯೂ ಪೂಜೆ ಅರ್ಪಿಸಿ ಅಂತ ಗುರುಗಳಿಗೆ ಚರ್ಚಿನ ಕಾನೂನೇ ಹೇಳುತ್ತದೆ, 945ನೇ ನಿಯಮ. ಪೂಜೆ ಮುಗಿದ ಮೇಲೆ ಸಾಕ್ರಿಸ್ತಿಗೆ, ಗುರುಗಳು ಪೂಜೆಯ ಉಡುಪು ಹಾಕಿಕೊಳ್ಳುವ ಕೋಣೆಗೆ, ಹೋಗಿ ಸತ್ತವರ ಹೆಸರು ಹೇಳಿ, ಅಷ್ಟೇ. ವರ್ಷದ ಪೂಜೆಗೆ ಊಟ ಹಾಕಿಸಬೇಕು ಅನ್ನುವುದು ದೇವರು ಮಾಡಿದ ನಿಯಮ ಅಲ್ಲ, ನೆಂಟರು ಮಾಡಿದ್ದು.

ತಾನಾಗಿಯೇ ಜೀವ ಕಳೆದುಕೊಂಡವರ ಮನೆಯವರು ಎಲ್ಲರಿಗಿಂತ ಒಂಟಿ. ಅಂಥವರಿಗೆ ಪೂಜೆ ಇಲ್ಲ, ಪ್ರಾರ್ಥನೆ ಇಲ್ಲ ಅಂತ ಪಿಸುಗುಡುವವರು ಇನ್ನೂ ಇದ್ದಾರೆ. ಚರ್ಚಿನ ಹಳೆಯ ಕಾನೂನಿನಲ್ಲಿ ಹಾಗಿತ್ತು, 1983ರ ಕಾನೂನಿನಲ್ಲಿ ಅದನ್ನು ತೆಗೆದಿದ್ದಾರೆ. ಅವರ ಮುಕ್ತಿಯ ಬಗ್ಗೆ ಆಸೆ ಬಿಡಬಾರದು, ಚರ್ಚು ಅವರಿಗಾಗಿ ಪ್ರಾರ್ಥಿಸುತ್ತದೆ ಅಂತ 1992ರ ಧರ್ಮೋಪದೇಶ ಗ್ರಂಥದ 2282, 2283ನೇ ಪರಿಚ್ಛೇದಗಳಲ್ಲಿ ಇದೆ. ನಂಬರು ನೆನಪಿಟ್ಟುಕೊಳ್ಳಿ, ಪಿಸುಗುಡುವವರ ಮುಂದೆ ಬೇಕಾಗುತ್ತದೆ. ನಿಮಗೇ ಬದುಕು ಸಾಕು ಅನ್ನಿಸಿದರೆ ಬೆಳಗಾಗುವ ತನಕ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಪಕ್ಕದ ಮನೆಯವರನ್ನೂ ಎಬ್ಬಿಸಿ.

ಕೊನೆಗೆ ನವೆಂಬರ್ 2. ಸತ್ತವರೆಲ್ಲರ ಸ್ಮರಣೆಯ ದಿನ. ನವೆಂಬರ್ 1ರಿಂದ 8ರ ಒಳಗೆ ಸಿಮಿತ್ರಿಗೆ, ಅಂದರೆ ಸಮಾಧಿ ಭೂಮಿಗೆ, ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ, ಪಾಪನಿವೇದನೆ ಮಾಡಿ ಪರಮಪ್ರಸಾದ ಪಡೆದು ಪೋಪರ ಉದ್ದೇಶಗಳಿಗೂ ಬೇಡಿಕೊಂಡರೆ, ಆ ಆತ್ಮಗಳಿಗೆ ಪೂರ್ಣ ದಂಡವಿಮೋಚನೆಯ ವರ ಇದೆ, ಅಂದರೆ ಪಾಪಗಳಿಗೆ ಉಳಿದ ಶಿಕ್ಷೆ ಪೂರ್ತಿ ಮನ್ನಾ. ಮೊದಲ ವರ್ಷ ನನಗೆ ಹೋಗಲು ಕಾಲೇ ಬರಲಿಲ್ಲ. ಮಗಳು ಮಂಗಳೂರಿನಿಂದ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ನೀವೂ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹಿಂದಿನ ದಿನವೇ ಹೋಗಿ ಗೋರಿಯ ಮೇಲಿನ ಕಳೆ ಕೀಳಿ, ಮಳೆಗಾಲ ಕಳೆದು ಪಾಚಿ ಕಟ್ಟಿರುತ್ತದೆ, ತೆಂಗಿನ ಗುಂಜಿನಲ್ಲಿ ಉಜ್ಜಿದರೆ ಹೋಗುತ್ತದೆ. 130ನೇ ಕೀರ್ತನೆ ಓದಿ, ಎಂಟು ವಚನ, ಸತ್ತವರಿಗಾಗಿ ಹಿಂದಿನಿಂದಲೂ ಹೇಳುತ್ತಾ ಬಂದಿದ್ದು. ಅದೂ ಆಗದಿದ್ದರೆ ಹೆಸರು ಹಿಡಿದು ಕರೆದು ನಿಮ್ಮ ಮನೆ ಸುದ್ದಿ ಹೇಳಿ. ನಾನು ಆ ವರ್ಷದ ಅಡಿಕೆ ರೇಟು ಹೇಳಿ ಬಂದೆ.

ಮೇಣದಬತ್ತಿ ಗಾಳಿಗೆ ಆರುತ್ತದೆ ಅಂತ ಎಲ್ಲರೂ ಕೊಡೆ ಹಿಡಿದು ಒದ್ದಾಡುತ್ತಾರೆ. ಒಂದು ಅಡಿಕೆ ಹಾಳೆ ತಗೊಂಡು ಹೋಗಿ. ಮೊದಲು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ದೊನ್ನೆಯ ಹಾಗೆ ಬಗ್ಗಿಸಿ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಮಣ್ಣಿಗೆ ಊರಿ, ಒಳಗೆ ಬತ್ತಿ ನಿಲ್ಲಿಸಿ. ಬತ್ತಿ ಹಾಳೆಗೆ ತಾಗದಂತೆ ಒಂದು ಗೇಣು ಬಿಡಿ. ಪೂರ್ತಿ ಉರಿಯುವ ತನಕ ನೀವು ನಿಂತಿರಬೇಕಿಲ್ಲ.